ಒಂದು ಪರ್ಸೆಂಟ್ ಬೋರ್ಡೋ: ನನ್ನ ಲೆಕ್ಕ

ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸುವವರಿಗೆಲ್ಲ 'ಒಂದು ಪರ್ಸೆಂಟ್ ಬೋರ್ಡೋ' ಬಾಯಿಪಾಠ. 100 ಲೀಟರ್ ದ್ರಾವಣಕ್ಕೆ 1 ಕೆಜಿ ಮೈಲುತುತ್ತ (ಕಾಪರ್ ಸಲ್ಫೇಟ್), 1 ಕೆಜಿ ಸುಣ್ಣ. ಗಮನಿಸಿ, 100 ಲೀಟರ್ ನೀರಿಗಲ್ಲ, ಎಲ್ಲ ಸೇರಿ 100 ಲೀಟರ್ ಆಗಬೇಕು. ನಾನು ಕಲಸುವುದು 200 ಲೀಟರ್ ಡ್ರಮ್ಮಿನಲ್ಲಿ, ಹಾಗಾಗಿ ಎರಡೆರಡು ಕೆಜಿ.

ಡ್ರಮ್ಮಿನ ಹೆಸರಿಗಿರುವ ಅಳತೆಯನ್ನು ನಾನು ನಂಬುವುದಿಲ್ಲ. ಬಾಯಿತನಕ ತುಂಬಿದರೆ ಜಾಸ್ತಿಯೇ ಹಿಡಿಯುತ್ತದೆ. ಬಕೆಟ್‌ನಲ್ಲಿ ಅಳೆದು ಸುರಿದು, 200 ಲೀಟರ್ ನಿಂತ ಕಡೆ ಪೇಂಟಿನ ಗೆರೆ ಎಳೆದಿದ್ದೇನೆ. 20 ಲೀಟರ್ ಹೆಚ್ಚಾದರೂ ಔಷಧಿ 0.9 ಪರ್ಸೆಂಟ್‌ಗೆ ಇಳಿಯಿತು ಅಂತ ಲೆಕ್ಕ.

ಬೆಳಗ್ಗೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಬಂದು ನಿಂತ ಮೇಲೆ ತುತ್ತ ಕರಗಿಸುತ್ತಾ ಕೂರುವುದಕ್ಕಾಗುತ್ತದಾ? ಹಿಂದಿನ ದಿನವೇ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಗಟ್ಟಿ ದ್ರಾವಣ ಮಾಡಿಡುತ್ತೇನೆ. 10 ಕೆಜಿ ತುತ್ತ, ಒಟ್ಟು 50 ಲೀಟರ್. ಅಂದರೆ 20 ಪರ್ಸೆಂಟ್. ತುತ್ತವನ್ನು ಬಟ್ಟೆಯಲ್ಲಿ ಕಟ್ಟಿ ನೀರಿನ ಮೇಲ್ಭಾಗದಲ್ಲಿ ಇಳಿಬಿಟ್ಟರೆ ರಾತ್ರಿ ತಾನಾಗೇ ಕರಗುತ್ತದೆ. ತಳಕ್ಕೆ ಸುರಿದರೆ ಅಲ್ಲೇ ಕೂತುಬಿಡುತ್ತದೆ. ಬೆಳಗ್ಗೆ ಚೆನ್ನಾಗಿ ಕದಡಿಯೇ ತೆಗೆಯಬೇಕು.

ಎಷ್ಟು ತೆಗೆಯಬೇಕು? ಬೇಕಾದ ಪರ್ಸೆಂಟನ್ನು ಬೇಕಾದ ಲೀಟರ್‌ನಿಂದ ಗುಣಿಸಿ, ಇರುವ ಪರ್ಸೆಂಟಿನಿಂದ ಭಾಗಿಸಿ. 1 × 200 ÷ 20 = 10 ಲೀಟರ್. ಡ್ರಮ್ಮಿಗೆ ಒಂದು ಬಕೆಟ್, ಅಷ್ಟೇ.

ಇನ್ನೊಂದು ವಿಷಯ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಈ ಒಂದು ಪರ್ಸೆಂಟ್ ತುತ್ತದ ಲೆಕ್ಕ, ತಾಮ್ರದ್ದಲ್ಲ. ನೀಲಿ ಹರಳಿನೊಳಗೆ ನೀರೂ ಸೇರಿಕೊಂಡಿದೆ. 249.7 ಗ್ರಾಂ ಹರಳಿನಲ್ಲಿ ತಾಮ್ರ 63.5 ಗ್ರಾಂ ಮಾತ್ರ, ಕಾಲು ಭಾಗ. ಲೀಟರಿಗೆ 10 ಗ್ರಾಂ ತುತ್ತ ಹಾಕಿದರೆ ಸಿಗುವ ತಾಮ್ರ ಸುಮಾರು 2.5 ಗ್ರಾಂ. ಅಂಗಡಿಯಲ್ಲಿ ಸಿಗುವ ಇನ್ನೊಂದು ತಾಮ್ರದ ಔಷಧಿ, 50 ಪರ್ಸೆಂಟ್ ತಾಮ್ರ ಇರುವ ಕಾಪರ್ ಆಕ್ಸಿಕ್ಲೋರೈಡನ್ನು ಲೀಟರಿಗೆ 3 ಗ್ರಾಂ ಹಾಕಿದರೆ 1.5 ಗ್ರಾಂ. ಎರಡನ್ನೂ ಹೋಲಿಸುವಾಗ ಈ ಲೆಕ್ಕ ಹಿಡಿಯಬೇಕು, ಪ್ಯಾಕೆಟ್ಟಿನ ತೂಕವನ್ನಲ್ಲ.

ಸುಣ್ಣಕ್ಕೆ ಮಾತ್ರ ಲೆಕ್ಕ ಸಾಲದು. ಒಂದೊಂದು ಚೀಲ ಒಂದೊಂದು ಥರ. ಒಂದು ಡ್ರಮ್ಮಿನಲ್ಲಿ ತೆಳು ಮಾಡಿದ ತುತ್ತ, ಇನ್ನೊಂದರಲ್ಲಿ ಸೋಸಿದ ಸುಣ್ಣದ ಹಾಲು. ತುತ್ತವನ್ನು ನಿಧಾನಕ್ಕೆ ಸುಣ್ಣಕ್ಕೆ ಸುರಿಯುತ್ತಾ ಕದಡುತ್ತೇನೆ. ಗೆರೆಗೆ ಸ್ವಲ್ಪ ಕೆಳಗೇ ನಿಲ್ಲಿಸಿ, ಉಜ್ಜಿ ತೊಳೆದ ಕಬ್ಬಿಣದ ಕತ್ತಿ ಅದ್ದಿ ಒಂದು ನಿಮಿಷ ಹಿಡಿಯುತ್ತೇನೆ. ಕತ್ತಿಗೆ ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು ಅಂತ ಅರ್ಥ. ಇನ್ನಷ್ಟು ಸುಣ್ಣದ ಹಾಲು ಹಾಕಿ ಮತ್ತೆ ಅದ್ದಿ ನೋಡುತ್ತೇನೆ. ಕತ್ತಿ ಹೊಳೆಯುತ್ತಾ ಬಂದ ಮೇಲೇ ಉಳಿದ ನೀರು ತುಂಬಿಸುವುದು. ಕಲಸಿದ್ದು ನಾಳೆಗೆ ಬರುವುದಿಲ್ಲ, ಅವತ್ತೇ ಹೊಡೆದು ಮುಗಿಸಬೇಕು.