ಓಟಿಗೆ (ಓವರ್‌ಟೈಮ್‌ಗೆ) ಒಪ್ಪೋ ಮುಂಚೆ ಈ ಲೆಕ್ಕ ಹಾಕಿ

ಸೂಪರ್‌ವೈಸರ್ ಬಂದು "ಇವತ್ತು ಓಟಿ ಇದೆ, ನಿಲ್ತೀರಾ?" ಅಂದ ತಕ್ಷಣ ತಲೆ ಆಡಿಸಬೇಡಿ. ಮೊದಲು ನಿಮ್ಮ ಒಂದು ಗಂಟೆಯ ಬೆಲೆ ಗೊತ್ತಿರಲಿ. ಪೀಣ್ಯದಲ್ಲಿ ಕೆಲಸ, ಬೇಸಿಕ್ 10,400, ಡಿಎ (ತುಟ್ಟಿಭತ್ಯೆ) 5,200, ಒಟ್ಟು 15,600 ರೂಪಾಯಿ ಅಂತ ಇಟ್ಟುಕೊಳ್ಳಿ. 26 ದಿನಕ್ಕೆ ಭಾಗಿಸಿದರೆ ದಿನಕ್ಕೆ 600, ಎಂಟು ಗಂಟೆ ಲೆಕ್ಕದಲ್ಲಿ ಗಂಟೆಗೆ 75. ಓಟಿಗೆ ಇದರ ದುಪ್ಪಟ್ಟು, ಅಂದರೆ 150 ಸಿಗಬೇಕು. 1948ರ ಕಾರ್ಖಾನೆ ಕಾಯ್ದೆ ಹೇಳಿದ್ದೂ ಇದನ್ನೇ, 2025ರ ನವೆಂಬರ್‌ನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿರುವುದೂ ಇದೇ.

ಜಾಸ್ತಿ ಮೋಸ ಆಗೋದು ಇಲ್ಲೇ. ಡಿಎ ಬಿಟ್ಟು ಬರೀ ಬೇಸಿಕ್ ಮೇಲೆ ಲೆಕ್ಕ ಹಾಕಿ ಗಂಟೆಗೆ 100 ಕೊಡುತ್ತಾರೆ. ಗಂಟೆಗೆ 50 ರೂಪಾಯಿ ಹೋಯ್ತು ಅಲ್ವಾ? ಕೆಲವು ಗಾರ್ಮೆಂಟ್ಸ್‌ನಲ್ಲಂತೂ ದುಡ್ಡೇ ಇಲ್ಲ, ಆರ್ಡರ್ ಇಲ್ಲದ ದಿನ ಮನೆಗೆ ಕಳಿಸಿ "ಕಾಂಪ್ ಆಫ್ ಕೊಟ್ಟಿದೀವಲ್ಲ" ಅಂತಾರೆ. ಎರಡು ಗಂಟೆ ದುಡಿಸಿಕೊಂಡು ಎರಡು ಗಂಟೆ ರಜೆ ಕೊಟ್ಟರೆ ದುಪ್ಪಟ್ಟು ಹೇಗಾಗುತ್ತೆ? ಅದು ಅನ್ಯಾಯ, ಕೇಳಿ.

ಈಗ ದಾರಿಯ ಲೆಕ್ಕ. ಹೋಗಿ ಬರೋಕೆ 60 ರೂಪಾಯಿ, ಮೂರು ಗಂಟೆ ಅನ್ನಿ. ಇದು ದಿನಕ್ಕೊಂದು ಸಲದ ಖರ್ಚು, ಒಂದು ಗಂಟೆ ದುಡಿದರೂ ಅಷ್ಟೇ, ಹತ್ತು ಗಂಟೆ ದುಡಿದರೂ ಅಷ್ಟೇ. ಹಾಗಾಗಿ ಹೇಗೂ ಬಂದಿರೋ ದಿನ ಎರಡು ಗಂಟೆ ನಿಂತರೆ 300 ರೂಪಾಯಿ ಪೂರ್ತಿ ನಿಮ್ಮದೇ. ಆದರೆ ನೀವು ಓಡಾಡೋದು ಕಂಪನಿ ಬಸ್‌ನಲ್ಲಾಗಿದ್ದು, ಅದು ತಪ್ಪಿಹೋಗಿ, ಅರ್ಧ ಗಂಟೆ ಕಾದು, ಆಟೋಗೆ 180 ಕೊಟ್ಟರೆ ಉಳಿಯೋದು 120. ಎರಡೂವರೆ ಗಂಟೆಗೆ 120 ಅಂದರೆ ಗಂಟೆಗೆ 48, ನಿಮ್ಮ ಮಾಮೂಲಿ ದರಕ್ಕಿಂತ ಕಮ್ಮಿ. ವಾಪಸ್ ಹೋಗೋಕೆ ಗಾಡಿ ಇದೆಯಾ ಅಂತ ಕೇಳದೆ ಒಪ್ಪಲೇಬೇಡಿ.

ಭಾನುವಾರ ನಾಲ್ಕೇ ಗಂಟೆ ಕೆಲಸಕ್ಕೆ ಕರೆದರೆ? 600 ಬರುತ್ತೆ, 60 ಬಸ್ಸಿಗೆ ಹೋಗುತ್ತೆ, ದಾರಿ ಸೇರಿಸಿದರೆ ಏಳು ಗಂಟೆ. ಗಂಟೆಗೆ 77. ವಾರದ ರಜೆ ಹಾಳು ಮಾಡಿಕೊಂಡು ಸಿಕ್ಕಿದ್ದು ಇಷ್ಟೇ. ಬರಲೇಬೇಕು ಅಂದರೆ ಪೂರ್ತಿ ಶಿಫ್ಟ್ ಕೇಳಿ, ಬದಲಿ ರಜೆಯನ್ನೂ ಕೇಳಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡು ಉಳಿದಿದೆ ನಿಜ, ಆದರೆ ಆ ಮೂರು ಗಂಟೆ ಹಾಗೇ ಇದೆ, ಅದನ್ನು ಬಿಟ್ಟು ಲೆಕ್ಕ ಹಾಕಬೇಡಿ.

ಓಟಿ ದುಡ್ಡಿಗೆ ಪಿಎಫ್ ಸೇರುವುದಿಲ್ಲ.

ಮನೆ ಹತ್ತಿರ 14,300ಕ್ಕೆ ಕೆಲಸ ಸಿಕ್ಕಿದರೆ ಸುಮ್ನೆ "ಸಂಬಳ ಕಮ್ಮಿ" ಅನ್ನಬೇಡಿ. ಕಮ್ಮಿಯಾಗೋದು 1,300, ಆದರೆ ತಿಂಗಳಿಗೆ 1,560 ರೂಪಾಯಿ ಬಸ್ ಚಾರ್ಜ್ ಉಳಿಯುತ್ತೆ, ಜೊತೆಗೆ ದಿನಕ್ಕೆ ಎರಡು ಗಂಟೆಗಿಂತ ಜಾಸ್ತಿ ಸಮಯ ಕೈಗೆ ಬರುತ್ತೆ.

ಓಟಿ ನಿಂತ ದಿನ ತಾರೀಖು, ಶುರುವಾದ ಹೊತ್ತು, ಮುಗಿದ ಹೊತ್ತು ಒಂದು ಪುಟ್ಟ ಡೈರಿಯಲ್ಲಿ ಬರೆದಿಡಿ. ಪೇಸ್ಲಿಪ್ ಬಂದಾಗ ಪಕ್ಕದಲ್ಲಿಟ್ಟು ತಾಳೆ ನೋಡಿ, ವ್ಯತ್ಯಾಸ ಕಂಡರೆ ಆ ತಿಂಗಳೇ ಎಚ್‌ಆರ್‌ಗೆ ಬರವಣಿಗೆಯಲ್ಲಿ ಕೊಡಿ.