ಹಿಮಾಲಯದ ಕಸ ಅಳೆಯೋಕೆ ಹೋಗಿ ಏಮಾರಿದ್ದು

ಹಿಮಾಲಯದಲ್ಲಿ ಕೆಲಸ ಅಂದ್ರೆ ಎಲ್ರೂ ಹಿಮದ ಶಿಖರ ಅಂದ್ಕೋತಾರೆ, ನಾನು ಓಡಾಡಿದ್ದೆಲ್ಲ ಕೆಳಗೇನೇ, ಕಾಲ್ಕಾದಿಂದ ಶಿಮ್ಲಾ ಕಡೆ ಹತ್ತೋ ರಸ್ತೆ ಕಟಿಂಗ್‌ಗಳಲ್ಲಿ, ಹಳ್ಳಗಳಲ್ಲಿ. ಬೆಟ್ಟ ಏಳ್ತಾ ಏಳ್ತಾ ಅದರ ಭಾರಕ್ಕೆ ಮುಂದಿನ ನೆಲ ಬಾಗಿ ತಗ್ಗಾಗತ್ತೆ, ಮೇಲಿಂದ ಸವೆದಿದ್ದೆಲ್ಲ ಬಂದು ಆ ತಗ್ಗಲ್ಲಿ ಕೂರತ್ತೆ, ಇದನ್ನೇ ಫೋರ್‌ಲ್ಯಾಂಡ್ ಬೇಸಿನ್ ಅನ್ನೋದು. ಮೇಲಿನ ಕಲ್ಲು ಸವೆದು ಹೋಗಿಬಿಟ್ಟಿದೆ, ಅದು ಏನಿತ್ತು ಅಂತ ಹೇಳೋಕೆ ಉಳಿದಿರೋದು ಈ ಕಸ ಮಾತ್ರ.

ಸೋಲನ್ ಸುತ್ತಮುತ್ತ ಮೂರು ಫಾರ್ಮೇಶನ್, ಅಂದ್ರೆ ಒಂದೇ ಥರದ ಕಲ್ಲಿನ ಪದರಗಳ ಗುಂಪು, ಮೂರಕ್ಕೂ ಅಲ್ಲಲ್ಲಿನ ಊರಿನ ಹೆಸರೇ. ಕೆಳಗಡೆ ಸುಬಾತು, ಇದು ಆಳವಿಲ್ಲದ ಸಮುದ್ರದ್ದು, ಇದರ ಸುಣ್ಣಕಲ್ಲಲ್ಲಿ ನಾಣ್ಯದ ಥರ ನಮ್ಯುಲೈಟ್ಸ್ ಅನ್ನೋ ಸಮುದ್ರ ಜೀವಿಯ ಪಳೆಯುಳಿಕೆ ಸಿಗತ್ತೆ. ಅದರ ಮೇಲೆ ದಗ್‌ಶಾಯಿ, ಕೆಂಪು ಜೇಡಿಗಲ್ಲು ಮತ್ತೆ ನದಿ ತಂದ ಮರಳುಗಲ್ಲು. ಆಮೇಲೆ ಕಸೌಲಿ, ಬೂದು ಹಸಿರು ಮರಳುಗಲ್ಲು, ಅದೃಷ್ಟ ಇದ್ರೆ ಎಲೆಯ ಅಚ್ಚು ಕೂಡ ಸಿಗತ್ತೆ.

ನನ್ನ ಕೆಲಸ ಸೆಕ್ಷನ್ ಅಳೆಯೋದು, ಅಂದ್ರೆ ಕೆಳಗಿಂದ ಮೇಲಕ್ಕೆ ಯಾವ ಪದರ ಎಷ್ಟು ದಪ್ಪ ಅಂತ. ಒಂದೂವರೆ ಮೀಟರ್ ಜೇಕಬ್ಸ್ ಸ್ಟಾಫ್ ಅನ್ನೋ ಅಳತೆ ಕೋಲು ಹಿಡ್ಕೊಂಡು ಡಿಪ್, ಅಂದ್ರೆ ಪದರ ಎಷ್ಟು ಓರೆಯಾಗಿದೆ ಅಂತ ನೋಡಿ ಒಂದೊಂದೇ ಹೆಜ್ಜೆ ಮೇಲೆ ಹೋಗ್ತಾ ಪದರಗಳ ಲಾಗ್ ಬರೀತಿದ್ದೆ. ಸುಬಾತು ಇರೋ ಒಂದು ಹಳ್ಳದಲ್ಲಿ ನಮ್ಯುಲೈಟ್ಸ್ ತುಂಬಿದ ಸುಣ್ಣಕಲ್ಲಿನ ಪಟ್ಟಿ ಸಿಕ್ತು, ಅದನ್ನ ದಾಟಿ ಶೇಲ್ ಅನ್ನೋ ತೆಳು ಪದರದ ಜೇಡಿಗಲ್ಲು ಹತ್ಕೊಂಡು ಹೋದ್ರೆ ಮತ್ತೆ ಅಂಥದ್ದೇ ಪಟ್ಟಿ, ದಪ್ಪಾನೂ ಅಷ್ಟೇ. ಸಮುದ್ರ ಹಿಂದೆ ಸರಿದು ಇನ್ನೊಂದು ಸಲ ಬಂದಿದೆ ಅಂತ ನೋಟ್‌ಬುಕ್‌ನಲ್ಲಿ ಬರೆದು ಕೆಳಗೆ ಎರಡು ಗೆರೆ ಬೇರೆ ಎಳೆದೆ, ಅಷ್ಟು ಖುಷಿ. ವಾರ ಬಿಟ್ಟು ನನ್ನ ರಿಸರ್ಚ್ ಗೈಡ್ ಬಂದ್ರು, ನನ್ನ ಲಾಗ್ ನೋಡ್ಲೇ ಇಲ್ಲ, ಸೀದಾ ಎರಡನೇ ಪಟ್ಟಿ ಕೆಳಗೆ ಬಗ್ಗಿ ಶೇಲ್ ಕೆರೆದ್ರು. ಅಲ್ಲಿ ಶೇಲ್ ಪುಡಿಪುಡಿ, ಬಿಳಿ ಕ್ಯಾಲ್ಸೈಟ್ ಮೇಲೆ ಉಜ್ಜಿದ ಹಾಗೆ ಹೊಳಪು, ಗೀರುಗಳು. "ಸಮುದ್ರ ಎರಡು ಸಲ ಬಂದಿಲ್ಲಪ್ಪ, ನೀನೇ ಒಂದೇ ಪಟ್ಟಿನ ಎರಡು ಸಲ ಹತ್ತಿದೀಯ" ಅಂದ್ರು.

ಅದು ಥ್ರಸ್ಟ್, ಅಂದ್ರೆ ಒತ್ತಡಕ್ಕೆ ಕಲ್ಲು ಸೀಳಿ ಒಂದು ಹೋಳು ಇನ್ನೊಂದರ ಮೇಲೆ ಹತ್ತಿರೋ ಫಾಲ್ಟ್ (ಬಿರುಕು), ಆ ಹೊಳಪು ಗೀರು ಜಾರಿದ್ದರ ಗುರುತು. ಹಿಮಾಲಯದ ದೊಡ್ಡ ಥ್ರಸ್ಟ್‌ಗಳು ಒಟ್ಟಾರೆ ಉತ್ತರದಿಂದ ದಕ್ಷಿಣಕ್ಕೆ ಒಂದಾದ ಮೇಲೊಂದು ಬಂದಿರೋದು, ಮೊದಲು ಮೇನ್ ಸೆಂಟ್ರಲ್, ಆಮೇಲೆ ಮೇನ್ ಬೌಂಡರಿ, ಕೊನೇಗೆ ಶಿವಾಲಿಕ್ ಬುಡದಲ್ಲಿರೋ ಮೇನ್ ಫ್ರಂಟಲ್. ಬೆಟ್ಟ ಹಾಗೆ ಮುಂದೆ ಬರ್ತಾ ತಾನೇ ತುಂಬಿಸಿದ ಬೇಸಿನ್‌ನ ಹರಿದು ಹೋಳು ಮಾಡಿ ಒಂದರ ಮೇಲೊಂದು ಪೇರಿಸಿಬಿಡತ್ತೆ. ಇದನ್ನ ಪರೀಕ್ಷೆಲಿ ಎಷ್ಟು ಸಲ ಬರೆದಿದ್ನೋ, ಕಾಲ ಕೆಳಗೇ ಇದ್ದಾಗ ಹೊಳೀಲಿಲ್ಲ. ನಾನು ಅಳೆದ ದಪ್ಪದಲ್ಲಿ ಹತ್ತಿರ ಹತ್ತಿರ ಅರ್ಧ ಸುಳ್ಳು. ಈಗ ಹೊಸ ಹಳ್ಳಕ್ಕೆ ಹೋದ್ರೆ ಮೊದಲ ಎರಡು ದಿನ ಸ್ಟಾಫ್ ಗಾಡೀಲೇ ಇರತ್ತೆ, ಬರೀ ಫಾಲ್ಟ್ ಹುಡುಕೋದು, ಪದರ ಸರಿಯಾಗಿದೆಯಾ ತಲೆಕೆಳಗಾಗಿದೆಯಾ ಅಂತ ಕ್ರಾಸ್ ಬೆಡ್ಡಿಂಗ್ (ಪದರದ ಒಳಗಿನ ಓರೆ ಗೆರೆಗಳು) ನೋಡೋದು.

ಇನ್ನು ಲ್ಯಾಬ್. ದಗ್‌ಶಾಯಿ ಮರಳುಗಲ್ಲು ಕುಟ್ಟಿ ಜರಡಿ ಹಿಡಿದು ಭಾರದ ಹರಳು ಮಾತ್ರ ಮುಳುಗೋ ಹೆವಿ ಲಿಕ್ವಿಡ್‌ನಲ್ಲಿ ಜಿರ್ಕಾನ್ ಅನ್ನೋ ಹರಳು ಮುಳುಗಿಸಿ ತೆಗೆದೆ, ಡೇಟ್ ನೋಡಿದ್ರೆ 50 ಕೋಟಿ ವರ್ಷ, 100 ಕೋಟಿ ವರ್ಷ, ಬೆಟ್ಟವೇ ಇಲ್ಲದ ಕಾಲದ್ದು. ಜಿರ್ಕಾನ್ ಗಟ್ಟಿ ಜೀವ, ಎಷ್ಟು ಕಾಯಿಸಿದ್ರೂ ಹಳೇ ವಯಸ್ಸು ಸುಲಭಕ್ಕೆ ಬಿಟ್ಕೊಡಲ್ಲ, ಹಾಗಾಗಿ ಕಲ್ಲು ಯಾರ ಮನೇದು ಅಂತ ಹೇಳತ್ತೆ, ಯಾವಾಗ ಮೇಲೆದ್ದಿದ್ದು ಅಂತಲ್ಲ. ಅದಕ್ಕೆ ಬಿಳಿ ಅಭ್ರಕ ಬೇಕು, ಅದರಲ್ಲಿ ಆರ್ಗಾನ್ ಡೇಟಿಂಗ್ ಮಾಡಿದ್ರೆ ಕಲ್ಲು ಸುಮಾರು 400 ಡಿಗ್ರಿಗಿಂತ ಕೆಳಗೆ ತಣ್ಣಗಾದ ಕಾಲ ಸಿಗತ್ತೆ. ಇಲ್ಲಿ ಮುಂಚೆ ಕೆಲಸ ಮಾಡಿದವರಿಗೆ ಬಂದ ಹಾಗೇ ನನಗೂ 3 ಕೋಟಿ ವರ್ಷಕ್ಕಿಂತ ಚಿಕ್ಕ ಹರಳುಗಳು ಸಿಕ್ವು, ಅಂದ್ಮೇಲೆ ಅವು ಸೇರ್ಕೊಂಡಿರೋ ಮರಳು ಅದಕ್ಕಿಂತ ಈಚೆಗೇ ಬಿದ್ದಿರಬೇಕು. ಕೆಳಗಿನ ಸುಬಾತು ನೋಡಿದ್ರೆ 4 ಕೋಟಿ ವರ್ಷದ ಹಿಂದೇನೇ ಮುಗಿದಿತ್ತು.

ಹಳೇ ಲಾಗ್ ತೆಗೆದೆ. ಎರಡನೇ ಸುಣ್ಣಕಲ್ಲಿನ ಪಟ್ಟಿ ಹೊಡೆದು ಹಾಕ್ದೆ, ಸುಬಾತು ದಗ್‌ಶಾಯಿ ಮಧ್ಯೆ ಎಳೆದಿದ್ದ ನೇರ ಗೆರೆ ಅಳಿಸಿ, ಮಧ್ಯದ ಕಾಲದ ಕಲ್ಲು ಇಲ್ಲ ಅನ್ನೋ ಗುರುತಿಗೆ ಅಲೆ ಅಲೆ ಗೆರೆ ಎಳೆದು ಪಕ್ಕದಲ್ಲಿ 1 ಕೋಟಿ ವರ್ಷಕ್ಕಿಂತ ಜಾಸ್ತಿ ಅಂತ ಬರೆದೆ.