ಕೀಮೋ, ಕರೆಂಟು ಒಟ್ಟಿಗೇ: ನನ್ನ ಅನುಭವ

ಆಪರೇಷನ್ ಮಾಡಲಾಗದ ಮೂರನೇ ಹಂತದ ಶ್ವಾಸಕೋಶದ ಕ್ಯಾನ್ಸರ್‌ಗೆ ಕೀಮೋ, ರೇಡಿಯೇಷನ್ (ಜನರ ಬಾಯಲ್ಲಿ ಕರೆಂಟು) ಎರಡನ್ನೂ ಒಟ್ಟಿಗೇ ಕೊಡುತ್ತೇನೆ ಅಂದಾಗ ಸೀನಿಯರ್‌ಗಳು ನಕ್ಕಿದ್ದರು. "ನಿಮ್ಮ ಜಿಲ್ಲೆಯ ಪೇಶೆಂಟ್‌ಗಳು ತಡೀತಾರೇನ್ರೀ? ಮೊದಲು ಕೀಮೋ ಮುಗಿಸಿ, ಆಮೇಲೆ ಕರೆಂಟು ಕೊಡಿ." ಅವರ ಮಾತೂ ಪೂರ್ತಿ ಸುಳ್ಳಲ್ಲ. ನಮ್ಮಲ್ಲಿಗೆ ಬರುವವರಲ್ಲಿ ಎಷ್ಟೋ ಜನ ಕ್ಯಾನ್ಸರನ್ನೇ ಟಿಬಿ ಅಂದುಕೊಂಡು ತಿಂಗಳುಗಟ್ಟಲೆ ಟಿಬಿ ಮಾತ್ರೆ ನುಂಗಿ, ಎಂಟ್ಹತ್ತು ಕೆಜಿ ಇಳಿದು ಬಂದವರು.

ಡೋಸ್‌ನಲ್ಲಿ ಹೊಸದೇನಿಲ್ಲ. 30 ಫ್ರ್ಯಾಕ್ಷನ್‌ಗೆ, ಅಂದರೆ 30 ಕಂತಿಗೆ, 60 ಗ್ರೇ (ಗ್ರೇ ಅಂದರೆ ರೇಡಿಯೇಷನ್ ಅಳೆಯುವ ಮಾನ), ವಾರಕ್ಕೊಮ್ಮೆ ಕೀಮೋ ಔಷಧಗಳಾದ ಪ್ಯಾಕ್ಲಿಟ್ಯಾಕ್ಸೆಲ್, ಕಾರ್ಬೋಪ್ಲಾಟಿನ್. 74 ಗ್ರೇಗೆ ಏರಿಸಿದರೆ ಬದುಕುವ ಕಾಲ ಹೆಚ್ಚೋದಿಲ್ಲ, ಕಡಿಮೆಯೇ ಆಗುತ್ತದೆ ಅಂತ 2015ರಲ್ಲೇ ಓದಿದ್ದೇವೆ, ಅಲ್ವಾ?

ಮೊದಮೊದಲು ಸೋತದ್ದು ಗಂಟಲಲ್ಲಿ. ಮೂರನೇ ವಾರಕ್ಕೆ ಅನ್ನನಾಳ ಉರಿದು ಎಂಜಲು ನುಂಗೋದೂ ಕಷ್ಟ. "ಎರಡು ದಿನ ಊರಿಗೆ ಹೋಗಿ ಬರ್ತೀವಿ ಸಾರ್" ಅಂದವರು ಹಬ್ಬ ಮುಗಿದರೂ ಬರುತ್ತಿರಲಿಲ್ಲ. ಅಷ್ಟು ದಿನ ಗಡ್ಡೆ ಸುಮ್ನೆ ಕೂರುತ್ತದೆಯೇ?

ಇನ್ನೊಂದು ಪೆಟ್ಟು ದುಡ್ಡಿನದು. ಚಿಕಿತ್ಸೆಗೆ ಆರೋಗ್ಯ ಕರ್ನಾಟಕ ಕಾರ್ಡ್ ಇದೆ. ಆದರೆ ರೂಮು, ಊಟ ಅಂತ ದಿನಕ್ಕೆ ಮುನ್ನೂರೈವತ್ತು ಹಿಡಿದರೂ ಆರು ವಾರಕ್ಕೆ ಹದಿನೈದು ಸಾವಿರ. ಜೊತೆಗೆ ಬಂದವರ ಕೂಲಿ ಬೇರೆ ಹೋಯಿತು. ಕೊನೆಗೆ ಹತ್ತಿರದ ಛತ್ರದವರ ಹತ್ತಿರ ಮಾತಾಡಿ ಎರಡು ಕೋಣೆ ಹಿಡಿದೆ. ಅರ್ಧ ಗೆಲುವು ಅಲ್ಲೇ ಸಿಕ್ಕಿತು.

ಉಳಿದರ್ಧ ಪ್ಲ್ಯಾನಿಂಗ್‌ನಲ್ಲಿ. ಪೆಟ್ ಸ್ಕ್ಯಾನ್‌ನಲ್ಲಿ ಹೊಳೆದ ಗಂಟುಗಳಿಗಷ್ಟೇ ಕರೆಂಟು, ವಿ20 (20 ಗ್ರೇ ಅಥವಾ ಹೆಚ್ಚು ಬೀಳುವ ಶ್ವಾಸಕೋಶದ ಪಾಲು) ಶೇಕಡಾ ಮೂವತ್ತೈದರ ಒಳಗೆ. ನಾಲ್ಕನೇ ವಾರ ಮತ್ತೆ ಸಿಟಿ ಸ್ಕ್ಯಾನ್. ಗಡ್ಡೆಯಿಂದ ಮುಚ್ಚಿದ್ದ ಶ್ವಾಸಕೋಶ ತೆರೆದುಕೊಂಡಿದ್ದರೆ ಪ್ಲ್ಯಾನ್ ಹೊಸದಾಗಿ ಮಾಡುತ್ತೇನೆ. ನೋವು ಶುರುವಾಗುವ ಮೊದಲೇ ರಾಗಿ ಅಂಬಲಿ, ಮೊಟ್ಟೆ. ಪ್ರತಿ ಸೋಮವಾರ ತೂಕ. ಎರಡು ಕೆಜಿ ಇಳಿದರೆ ಮೂಗಿನ ಟ್ಯೂಬ್, ಚೌಕಾಸಿ ಇಲ್ಲ. ಗಂಟಲುರಿ ತಗ್ಗಿಸಲು ಊಟಕ್ಕೆ ಮುಂಚೆ ಕುಡಿಸುವ ಸುಕ್ರಾಲ್ಫೇಟ್, ಲಿಗ್ನೊಕೇನ್ ಮಿಶ್ರಣಕ್ಕೆ ನನ್ನದೇ ಒಂದು ಹದ ಇದೆ. ಅದನ್ನಿಲ್ಲಿ ಬರೆಯಲ್ಲ, ಕಾಫಿಗೆ ಬಂದರೆ ಹೇಳುತ್ತೇನೆ. ನಡುವೆ ಕೊಡಗಿನ ಜೇನು ನೆಕ್ಕಿಸಿಯೂ ನೋಡಿದೆ. ಗಂಟಲಿಗೆ ಅಂಥ ಫರಕು ಕಾಣಲಿಲ್ಲ, ಇಬ್ಬರಿಗೆ ಶುಗರ್ ಏರಿತು.

ಈಗ ಹತ್ತರಲ್ಲಿ ಎಂಟು ಜನ ಏಳು ವಾರದೊಳಗೆ ಮುಗಿಸುತ್ತಾರೆ. ನಕ್ಕವರಲ್ಲೇ ಒಬ್ಬರು ಮೊನ್ನೆ ತಮ್ಮ ಸಂಬಂಧಿಕರನ್ನು ನನ್ನ ಹತ್ತಿರ ಕಳಿಸಿದರು.

ಮುಗಿದ ಮೇಲೆ ಒಂದು ವರ್ಷ ಡುರ್ವಾಲುಮ್ಯಾಬ್ ಅನ್ನೋ ಇಮ್ಯುನೋಥೆರಪಿ ಔಷಧ (ಕ್ಯಾನ್ಸರ್ ವಿರುದ್ಧ ಹೋರಾಡಲು ರೋಗನಿರೋಧಕ ಶಕ್ತಿಗೆ ನೆರವಾಗುವುದು) ಬರೆಯುತ್ತೇನೆ. ಲಕ್ಷಗಳ ಮಾತು, ತಗೊಂಡವರು ಬೆರಳೆಣಿಕೆ. ಆದರೆ ಎಲ್ಲರ ಫೈಲ್ ಮೇಲೂ ಕೆಂಪು ಪೆನ್ನಲ್ಲಿ ಬರೆದುಕೊಡುತ್ತೇನೆ: ಒಣಕೆಮ್ಮು, ಉಬ್ಬಸ ಬಂದರೆ ಮೊದಲು ನಮಗೆ ಫೋನ್ ಮಾಡಿ. ಅದು ನ್ಯುಮೊನೈಟಿಸ್, ಅಂದರೆ ಚಿಕಿತ್ಸೆಯಿಂದಲೇ ಶ್ವಾಸಕೋಶ ಊದಿಕೊಂಡದ್ದು ಆಗಿದ್ದರೆ ಬೇಕಾದದ್ದು ಸ್ಟೆರಾಯ್ಡ್. ಊರಲ್ಲಿ ಅದಕ್ಕೂ ಮತ್ತೆ ಟಿಬಿ ಮಾತ್ರೆ ಕೊಟ್ಟುಬಿಡುತ್ತಾರೆ.